ನಿಮಗಿದು ಗೊತ್ತೆ? ಜಲ್ಲಿ ಗುಂಡಿಯಲ್ಲಿ ಒಲಿಂಪಿಕ್ಸ್!

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ರೋಯಿಂಗ್ ಪದಕಗಳು ತೀರ್ಮಾನವಾದದ್ದು ಮರಳು, ಜಲ್ಲಿ ಅಗೆದು ತೆಗೆದ ಗುಂಡಿಯಲ್ಲಿ! ಆ ಸ್ಪರ್ಧೆಗಳು ನಡೆದ, ಥೇಮ್ಸ್ ನದಿಯ ಬಯಲಿನಲ್ಲಿರುವ ಡಾರ್ನಿ ಸರೋವರ ಪ್ರಕೃತಿ ಕೊಟ್ಟದ್ದಲ್ಲ. ಅದು ಈಟನ್ ಕಾಲೇಜು ಎಂಬ ಹಳೆಯ ಶಾಲೆಯ ಸ್ವತ್ತು. 1990ರ ದಶಕದಲ್ಲಿ ಶುರುವಾದ ಕೆಲಸ ಮುಗಿದದ್ದು 2006ರಲ್ಲಿ. ಅಗೆದ ಜಲ್ಲಿಯ ಮಾರಾಟದ ಹಣವೂ ಕಾಮಗಾರಿಯ ಖರ್ಚಿಗೆ ಒದಗಿತು.

ಮೆಚ್ಚಬೇಕಾದದ್ದು ಇಲ್ಲಿನ ಮುಂದಾಲೋಚನೆ. ಎಷ್ಟೋ ಕಡೆ ಗಣಿ ಬರಿದಾದ ಮೇಲಷ್ಟೇ ಹಾಳುಗುಂಡಿಯ ಗತಿಯೇನೆಂಬ ಪ್ರಶ್ನೆ ಏಳುತ್ತದೆ. ಡಾರ್ನಿಯಲ್ಲಿ ಸರೋವರ ಬೇಕೆಂದೇ ನೆಲ ಅಗೆಯಲಾಯಿತು. ಎರಡು ಕಿಲೋಮೀಟರ್‌ಗೂ ಮೀರಿದ ಉದ್ದ, ಎಂಟು ದೋಣಿಗಳು ಅಕ್ಕಪಕ್ಕ ಸಾಗುವಷ್ಟು ಅಗಲ, ಅಂತರರಾಷ್ಟ್ರೀಯ ಸ್ಪರ್ಧೆಗೆ ತಕ್ಕ ಆಳ, ಇವೆಲ್ಲಕ್ಕೂ ಲೆಕ್ಕವಿಟ್ಟೇ ಅಗೆತ ಸಾಗಿತು.

ನದಿ ಬಯಲಿನಲ್ಲಿ ಅಂತರ್ಜಲ ಮೇಲೆಯೇ ಇರುತ್ತದೆ. ಹೀಗಾಗಿ ಜಲ್ಲಿ ತೆಗೆದಲ್ಲಿ ನೀರು ತಾನಾಗಿ ತುಂಬಿಕೊಳ್ಳುತ್ತದೆ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ ವಾಟರ್ ಪಾರ್ಕ್‌ನ ನೂರಕ್ಕೂ ಹೆಚ್ಚು ಕೆರೆಗಳು ಹುಟ್ಟಿದ್ದೂ ಹೀಗೆಯೇ. ಚಳಿಗಾಲದಲ್ಲಿ ಅಲ್ಲಿಗೆ ಸಾವಿರಾರು ನೀರುಹಕ್ಕಿಗಳು ವಲಸೆ ಬರುತ್ತವೆ.