ಸಮುದ್ರವಿಲ್ಲದ ಊರಿನ ಪಾಪ್ಲೆಟ್

ಉಮರ್ಗಾದಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಒಂದು ಗಂಟೆ. ಪುಣೆ–ಹೈದರಾಬಾದ್ ಹೆದ್ದಾರಿ ಊರನ್ನು ಸೀಳಿಕೊಂಡೇ ಹೋಗುತ್ತದೆ. ಮೊದಲು 9ನೇ ನಂಬರಾಗಿದ್ದ ಈ ರಸ್ತೆ ಈಗ 65. ರಸ್ತೆಯ ಪಕ್ಕದ ಹೋಟೆಲೊಂದರ ಮೇಲೆ ನೀಲಿ ಬಣ್ಣದ ದೊಡ್ಡ ಫಲಕ, ಅದರಲ್ಲಿ ಹಾಯಿದೋಣಿ, ತೆಂಗಿನಮರ, ಕೆಂಪು ಏಡಿ. ಕೆಳಗೆ ಮರಾಠಿಯಲ್ಲಿ ‘ಮಾಲ್ವಣಿ ಸೀ ಫುಡ್’. ಇಲ್ಲಿಂದ ಮುಂಬೈಗೆ ಹತ್ತಿರ ಹತ್ತಿರ 500 ಕಿಲೋಮೀಟರ್. ಸುತ್ತ ಕಾಣುವುದು ಸೋಯಾಬೀನ್, ತೊಗರಿ, ಮಳೆಗೆ ಅಂಟುವ ಎರೆಮಣ್ಣು.

ಅದು ಆಷಾಢದ ಕೊನೆಯ ಭಾನುವಾರ. ಇತ್ತ ಇದಕ್ಕೆ ‘ಆಖಾಡ’ ಅನ್ನುತ್ತಾರೆ. ಶ್ರಾವಣ ಹಿಡಿದರೆ ತಿಂಗಳಿಡೀ ಮಾಂಸ ಮುಟ್ಟದ ಮನೆಗಳು ಬಹಳ, ಆದ್ದರಿಂದ ಅದರ ಮುಂಚಿನ ವಾರ ಹೋಟೆಲುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೆ ಅದೇ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ಕಡಲು ಮುಚ್ಚಿರುತ್ತದೆ. ಮೀನು ಮೊಟ್ಟೆಯಿಡುವ ಕಾಲವೆಂದು ಮಹಾರಾಷ್ಟ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ನೀರಿಗಿಳಿಯುವಂತಿಲ್ಲ. ತಿನ್ನುವವರು ಹೆಚ್ಚಾದ ವಾರದಲ್ಲೇ ಮೀನು ಅಪರೂಪ. ಈ ಕಡೆಯ ಗಿರಾಕಿಯ ಕಷ್ಟ ಶುರುವಾಗುವುದು ಇಲ್ಲಿಂದ.

ಮೆನು ಕಾರ್ಡಿನಲ್ಲಿ ಮಾತ್ರ ಯಾವ ಕೊರತೆಯೂ ಇಲ್ಲ. ಪಾಪ್ಲೆಟ್, ಸುರಮಯಿ, ಬಾಂಗಡಾ, ಬೋಂಬಿಲ್, ತಿಸ್ರ್ಯಾ. ನಮ್ಮ ಕರಾವಳಿಯವರ ಮಾಂಜಿ, ಅಂಜಲ್, ಬಂಗುಡೆಗಳೇ ಮರಾಠಿ ಹೆಸರು ಹೊತ್ತು ಕೂತಿವೆ. ಪಾಪ್ಲೆಟ್ ಎದುರಿಗೆ ದರ ಇಲ್ಲ, ‘ಸೈಜ್ ಪ್ರಮಾಣೆ’ ಎಂದಷ್ಟೇ ಇದೆ.

“ಎಲ್ಲಿಂದ ಬಂದದ್ದು?” ಎಂದು ಮರಾಠಿಯಲ್ಲಿ ಕೇಳಿದೆ.

“ರತ್ನಾಗಿರಿ. ಇವತ್ತು ಬೆಳಿಗ್ಗೆ ಇಳಿದ ಮಾಲು,” ಎಂದ ವೇಟರ್ ಹುಡುಗ, ನನ್ನ ಮುಖ ನೋಡದೆ.

ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ. ಕಾಕಿನಾಡಾದ ಮೀನು ಹೈದರಾಬಾದಿನ ಮೇಲಿಂದ ಬಂತು ಅಂದಿದ್ದರೆ ನಾನು ನಂಬುತ್ತಿದ್ದೆ. ಜುಲೈ ತಿಂಗಳಲ್ಲಿ ರತ್ನಾಗಿರಿಯ ತಾಜಾ ಪಾಪ್ಲೆಟ್ ಅನ್ನುವುದು ನಂಬುವ ಮಾತಲ್ಲ.

ಪಕ್ಕದ ಮೇಜಿಗೆ ಒಂದು ಕುಟುಂಬ ಬಂದು ಕೂತಿತು. ಮಗ ಚಾಕಣದ ಕಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆಂದು ಅವರ ಮಾತಿನಿಂದ ತಿಳಿಯಿತು. ರಜಕ್ಕೆ ಬಂದವನು ಅಪ್ಪ ಅವ್ವನಿಗೆ ಸಮುದ್ರದ ಮೀನು ತಿನ್ನಿಸಲು ಹಳ್ಳಿಯಿಂದ ಕರೆತಂದಿದ್ದ. ಮನೆಮಾತು ಕನ್ನಡ, ನಮ್ಮ ಬಸವಕಲ್ಯಾಣದ ಕಡೆಯ ಕನ್ನಡವೇ. ತಲೆಯ ಮೇಲೆ ಸೆರಗು ಹೊದ್ದ ಆ ತಾಯಿ ಮೆನು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಚಿತ್ರಗಳನ್ನು ನೋಡುತ್ತಿದ್ದಳು. ಮಗ ಒಂದೊಂದನ್ನೇ ಬೆರಳಿಟ್ಟು ಹೇಳಿಕೊಡುತ್ತಿದ್ದ.

ನನ್ನ ತಟ್ಟೆ ಮೊದಲು ಬಂತು. ಪಾಪ್ಲೆಟ್ಟಿನ ಮೇಲೆ ರವೆಯ ದಪ್ಪ ಕವಚ, ಅದರ ಮೇಲೆ ಕೆಂಪು ಬಣ್ಣ. ಮಲ್ಪೆಯಲ್ಲಿ ಮಾಂಜಿ ತಿಂದವರಿಗೆ ಗೊತ್ತು, ಬೆರಳು ತಾಗಿದರೆ ಸಾಕು, ಬಿಳಿ ಎಸಳು ಎಸಳಾಗಿ ಮುಳ್ಳಿನಿಂದ ಬಿಟ್ಟು ಬರುತ್ತದೆ. ಇಲ್ಲಿ ಅದು ಹಿಟ್ಟಿನಂತೆ ಕಲಸಿಕೊಂಡಿತು. ಒಮ್ಮೆ ಗಡ್ಡೆಕಟ್ಟಿದ ಮೀನನ್ನು ಕರಗಿಸಿ, ಮಾರಾಟವಾಗದೆ ಉಳಿದದ್ದನ್ನು ಮತ್ತೆ ಫ್ರೀಜರಿಗೆ ತಳ್ಳಿದರೆ ಹೀಗಾಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟುವ ನೀರಿನ ಹರಳುಗಳು ಮಾಂಸದ ಎಳೆಗಳನ್ನು ಹರಿಯುತ್ತವೆ, ಕರಗಿದಾಗ ರಸವೆಲ್ಲ ಸೋರಿಹೋಗುತ್ತದೆ. ಶೀತಲ ಸಂಗ್ರಹ ಕೆಟ್ಟದ್ದಲ್ಲ. ಮೈನಸ್ 18 ಡಿಗ್ರಿಯಲ್ಲಿ ಕದಲಿಸದೆ ಇಟ್ಟ ಮೀನು ತಿಂಗಳುಗಟ್ಟಲೆ ಚೆನ್ನಾಗಿರುತ್ತದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಕಡೆ, ಐಸ್‌ಕ್ರೀಮಿನ ಪೆಟ್ಟಿಗೆಯಲ್ಲಿ ಇಟ್ಟ ಮೀನಿನ ಕತೆ ಬೇರೆ.

‘ಸೀ ಫಿಶ್ ಟಿಕ್ಕಾ’ ಅಂತ ಬಂದದ್ದು ಬಾಸಾ. ಮುಳ್ಳಿಲ್ಲದ, ಚರ್ಮವಿಲ್ಲದ, ರುಚಿಯೂ ಇಲ್ಲದ ಬಿಳಿ ತುಂಡು. ವಿಯೆಟ್ನಾಮಿನ ನದಿಗಳ ಮೂಲದ ಈ ಮೀನನ್ನು ಆಂಧ್ರದ ಹೊಂಡಗಳಲ್ಲೂ ಸಾಕುತ್ತಾರೆ. ಹೊಂಡದ ಮೀನು ತಿಂದರೆ ಏನೂ ಆಗುವುದಿಲ್ಲ, ಆದರೆ ಅದಕ್ಕೆ ಸಮುದ್ರದ ಹೆಸರು, ಸಮುದ್ರದ ದರ.

ಆ ತಾಯಿ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ನೀರು ಕುಡಿದಳು.

“ಸಮುದ್ರದ ಮೀನ ಅಂದ್ರ ಹಿಂಗೇ ಇರ್ತದೇನಪ್ಪಾ?”

ಕೇಳಿದ್ದರಲ್ಲಿ ದೂರಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವುದಿತ್ತು ಆಕೆಗೆ. ಮಗ ತಟ್ಟೆ ನೋಡುತ್ತ ಕೂತ. ಅಪ್ಪ ಮಾತಾಡದೆ ರಸ್ಸಾ ಕಲಸಿಕೊಂಡು ಅನ್ನ ಮುಗಿಸಿದ. ನನಗೆ ಹೊಟ್ಟೆಯೊಳಗೆ ಸಂಕಟವಾದದ್ದು ಆಗ. ಕೆಟ್ಟ ಊಟ ನನಗೆ ಒಂದು ದಿನದ ಬೇಸರ, ನಾಳೆ ಇನ್ನೆಲ್ಲೋ ಒಳ್ಳೆಯದು ಸಿಗುತ್ತದೆ. ಆಕೆಗೆ ಇದೇ ಮೊದಲ ಮೀನು. ಕಡಲಿನ ರುಚಿ ಇದೇ ಎಂದು ಊರಿಗೆ ಹೋಗಿ ಹೇಳುತ್ತಾಳೆ.

ಬಿಲ್ಲು ತಂದವನನ್ನು ಈ ಸಲ ಕನ್ನಡದಲ್ಲೇ ಮಾತಾಡಿಸಿದೆ. ಹುಡುಗ ಒಮ್ಮೆ ಗಲ್ಲಾದ ಕಡೆ ತಿರುಗಿ ನೋಡಿ, ಬಾಗಿ ಹೇಳಿದ:

“ನೀವ್ ಕನ್ನಡದೋರೇನ್ರಿ? ಮೊದ್ಲೇ ಹೇಳ್ಬೇಕಿತ್ರಿ ಅಣ್ಣಾ. ಪಾಪ್ಲೆಟ್ ಭಾಳ ದಿವ್ಸದ್ದು ಅದ. ನಿಮಗ ಅಂಡಾ ಕರಿ ಹೇಳ್ತಿದ್ದೆ.”

ಬಿಲ್ಲು ಅಂದರೆ ಕೈಬರಹದ ಚೀಟಿ. 2022ರ ಜನವರಿ 1ರಿಂದ ಊಟದ ಬಿಲ್ಲಿನ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಇರಲೇಬೇಕೆಂಬ ನಿಯಮವಿದೆ. ಈ ಚೀಟಿಯ ಮೇಲೆ ಹೋಟೆಲಿನ ಹೆಸರೂ ಇರಲಿಲ್ಲ. ‘ಸೈಜ್ ಪ್ರಮಾಣೆ’ 650 ರೂಪಾಯಿ. ಎಷ್ಟು ತೂಕವೆಂದು ಯಾರೂ ತೋರಿಸಿರಲಿಲ್ಲ. ಪಕ್ಕದ ಮಗನೂ ಅಂಥದೇ ಚೀಟಿಗೆ ಎಣಿಸಿ ಎಣಿಸಿ ನೋಟು ಕೊಟ್ಟ.

ನಿಲಂಗಾದಲ್ಲಿ ನಿಂತದ್ದು ಸ್ವಲ್ಪವೇ ಹೊತ್ತು. ನೀಲಕಂಠೇಶ್ವರನ ಹಳೆಯ ಕಲ್ಲಿನ ಗುಡಿ ನೋಡಿ, ಸಂಜೆ ಒಂದು ಕಡೆ ಬಾಂಗಡಾ ಥಾಳಿ ಹೇಳಿದೆ. ಎರಡನೇ ತುತ್ತಿಗೆ ನಾಲಿಗೆಯ ತುದಿ ಚುರುಚುರು ಅಂತು. “ಮಸಾಲಿ ಖಾರ ಅದರಿ,” ಅಂದರು. ಅದು ಖಾರದ ಉರಿಯಲ್ಲ. ಬಂಗುಡೆ, ಸುರಮಯಿ ಜಾತಿಯ ಮೀನು ಹಿಡಿದ ಮೇಲೆ ಐಸಿನಲ್ಲಿ ಇರದಿದ್ದರೆ ಹಿಸ್ಟಮಿನ್ ಅನ್ನುವ ಪದಾರ್ಥ ಅದರಲ್ಲಿ ಕೂಡಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಎಷ್ಟು ಕರಿದರೂ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಇದನ್ನು ಓದುವವರು ನೆನಪಿಡಬೇಕು: ನಾಲಿಗೆ ಚುರುಗುಟ್ಟಿದರೆ ದುಡ್ಡು ಹೋಯಿತೆಂದು ನೋಡದೆ ತಟ್ಟೆ ಸರಿಸಿ ಏಳಿ. ನಾನು ಎದ್ದೆ.

ಮರುದಿನ ಔರಾದ್ ಶಹಾಜನಿಯ ಹಾದಿ ಹಿಡಿದೆ. ತೇರ್ಣಾ ನದಿ ಮಾಂಜ್ರಾಕ್ಕೆ ಕೂಡುವುದು ಈ ಸೀಮೆಯಲ್ಲೇ. ಆಚೆಗೆ ನಮ್ಮ ಭಾಲ್ಕಿ ತಾಲೂಕು. 1956ರವರೆಗೆ ನಿಲಂಗಾ, ಉದಗೀರ್ ಎರಡೂ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ಹಾಗಾಗಿ ರಸ್ತೆ ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ, ನಾನು “ಏನದ ಮಾವಶಿ?” ಅಂದದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಟ್ಟಾಗ ಆಶ್ಚರ್ಯವಾಗಲಿಲ್ಲ. ಬುಟ್ಟಿಯಲ್ಲಿ ರೋಹು, ಕಟ್ಲಾ. ಪಕ್ಕದ ಬಕೆಟ್ಟಿನಲ್ಲಿ ಅಂಗೈ ಎತ್ತರದ ನೀರಿನಲ್ಲಿ ಎರಡು ಮರಳ ಮೀನು, ನಾವು ಕೊರವ ಅನ್ನುವುದು. ಗಾಳಿಯನ್ನೇ ಉಸಿರಾಡಬಲ್ಲ ಮೀನು ಅದು, ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಕೇಳುವ ಮೊದಲೇ ಆಕೆ ರೋಹುವಿನ ಕಿವಿರು ಎತ್ತಿ ಕೆಂಪು ತೋರಿಸಿದಳು. ಬೆರಳಿನಿಂದ ಒತ್ತಿದಳು, ಕುಳಿ ಬಿದ್ದದ್ದು ಮೇಲೆ ಬಂತು.

“ಹೋಟೆಲ್ನೋರು ಒಯ್ತಾರೇನು?”

“ಒಯ್ಯಂಗಿಲ್ಲಪ್ಪಾ. ಗಿರಾಕಿ ಪಾಪ್ಲೆಟ್ ಕೇಳ್ತಾರಂತ.”

ಅವಳ ಮಾತು ಸುಳ್ಳಲ್ಲ. ಈ ಸೀಮೆಯ ಫಲಕಗಳಲ್ಲಿ ನಾನು ಎಲ್ಲೂ ಮಾಂಜ್ರಾದ ಹೆಸರು ಕಾಣಲಿಲ್ಲ. ಮರಳವನ್ನು ಕಾಳಾ ಮಸಾಲೆಯಲ್ಲಿ ಕುದಿಸಿ, ಜೋಳದ ಭಕ್ರಿ ಮುರಿದು ಹಾಕಿಕೊಂಡು ತಿನ್ನುವ ಊಟ ಮನೆಗಳಲ್ಲಿ ಉಳಿದಿದೆ. ಸಂತೆಯಲ್ಲಿ ಮೂಟೆಗಟ್ಟಲೆ ಸುಕಟ, ಒಣ ಬೋಂಬಿಲ್ ಮಾರುತ್ತಾರೆ. ಸಮುದ್ರ ಈ ಊರುಗಳಿಗೆ ಮೊದಲು ಬಂದದ್ದು ಹಾಗೇ, ಬಿಸಿಲಲ್ಲಿ ಒಣಗಿ, ಉಪ್ಪು ಹಚ್ಚಿಕೊಂಡು. ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಹುರಿದ ಸುಕಟದ ಚಟ್ನಿಗೆ ಫ್ರೀಜರ್ ಬೇಡ. ಅದೂ ಮೆನುವಿನಲ್ಲಿ ಇಲ್ಲ. ನದಿಯನ್ನೇ ನಂಬಿಕೊಂಡು ಹೋಟೆಲು ನಡೆಸುವುದು ಸುಲಭ ಅಂತ ನಾನು ಹೇಳುತ್ತಿಲ್ಲ. 2016ರಲ್ಲಿ ಮಾಂಜ್ರಾ ಅಣೆಕಟ್ಟು ಬತ್ತಿ, ಲಾತೂರಿಗೆ ಕುಡಿಯುವ ನೀರು ಮೀರಜ್‌ನಿಂದ ರೈಲಿನಲ್ಲಿ ಬಂದ ನಾಡು ಇದು. ಮೀನಿಲ್ಲದ ವರ್ಷಗಳೂ ಇರುತ್ತವೆ. ಇಲ್ಲದ ದಿನ ಇಲ್ಲವೆಂದರೆ ಯಾವ ಗಿರಾಕಿ ಜಗಳಕ್ಕೆ ಬರುತ್ತಾನೆ?

ಉದಗೀರ್ ತಲುಪಿದಾಗ ಮಳೆ ಹನಿಯುತ್ತಿತ್ತು. 1760ರಲ್ಲಿ ಸದಾಶಿವರಾವ್ ಭಾವೂನ ಮರಾಠಾ ಸೈನ್ಯ ನಿಜಾಮನನ್ನು ಸೋಲಿಸಿದ್ದು ಈ ಊರಿನ ಬಳಿ. ಕೋಟೆ ಸುತ್ತಿ ಬಂದು, ಪೇಟೆಯ ಒಂದು ಗಲ್ಲಿಯಲ್ಲಿ ನಾಲ್ಕು ಮೇಜಿನ ಸಣ್ಣ ಖಾನಾವಳಿ ಹೊಕ್ಕೆ. ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ‘ಫಿಶ್ ಫ್ರೈ’ ಎಂದು ಬರೆದಿತ್ತು. ಮಾಲಕರು ಒದ್ದೆ ಬಟ್ಟೆ ತಗೊಂಡು ಬಂದು, ಆ ಬರಹವನ್ನು ನನ್ನೆದುರಿಗೇ ಒರೆಸಿದರು.

“ಇವತ್ತ ಮೀನ ಬಂದಿಲ್ರಿ ಸಾಹೇಬ್ರ. ಮಳಿಗಿ ಭೋಯಿ ಮಂದಿ ನೀರಿಗಿ ಇಳ್ದಿಲ್ಲ. ನಾಳೆ ಹನ್ನೊಂದಕ್ಕ ಬರ್ರಿ, ಬಂದ್ರ ಮಾಡಿಕೊಡ್ತಿನಿ.”

ಅವತ್ತು ಭಕ್ರಿ, ಝುಣಕ ತಿಂದೆ. ರಾತ್ರಿಯ ಗಾಡಿಗೆ ಬೀದರಕ್ಕೆ ಹೊರಡುವುದಿತ್ತು. ಟಿಕೆಟ್ ರದ್ದು ಮಾಡಿ, ಉದಗೀರಿನಲ್ಲೇ ಉಳಿದೆ.