ಕ್ಯಾನ್ಸರ್ ಗೆದ್ದ ಮಗುವಿನ ಹಲ್ಲು

ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ರಕ್ತಕ್ಯಾನ್ಸರೇ ಮುಂದು. ಅದರಲ್ಲೂ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎರಡರಿಂದ ಐದು ವರ್ಷದ ಕೂಸುಗಳಲ್ಲೇ ಹೆಚ್ಚು. 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಈ ಕಾಯಿಲೆಯನ್ನು ಔಷಧದಿಂದ ಕೆಲವು ತಿಂಗಳಾದರೂ ಹಿಮ್ಮೆಟ್ಟಿಸಬಹುದೆಂದು ತೋರಿಸಿದ್ದೇ ಆಗ ದೊಡ್ಡ ಸುದ್ದಿ. ಇಂದು ಒಳ್ಳೆಯ ಚಿಕಿತ್ಸೆ ಪೂರ್ತಿ ಸಿಕ್ಕರೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. ಹೀಗೆ ಉಳಿದು ಬೆಳೆದವರಲ್ಲಿ ಕೆಲವರಿಗೆ ಹನ್ನೊಂದು, ಹನ್ನೆರಡು ತುಂಬಿದರೂ ಬರಬೇಕಾದ ಹಲ್ಲು ಬರುವುದೇ ಇಲ್ಲ.

ಕಾರಣ ದವಡೆಯ ಒಳಗಿದೆ. ಮಗುವಿನ ಬಾಯಲ್ಲಿ ಹಾಲುಹಲ್ಲು ಮಾತ್ರ ಕಾಣುವ ಕಾಲದಲ್ಲೇ ಶಾಶ್ವತ ಹಲ್ಲುಗಳು ವಸಡಿನಡಿ ರೂಪುಗೊಳ್ಳುತ್ತಿರುತ್ತವೆ. ಮೊದಲ ಶಾಶ್ವತ ದವಡೆಹಲ್ಲು ಹುಟ್ಟಿನ ಹೊತ್ತಿಗೇ ಗಟ್ಟಿಯಾಗತೊಡಗುತ್ತದೆ. ಹಾಲಿನ ದವಡೆಹಲ್ಲು ಬಿದ್ದ ಜಾಗಕ್ಕೆ ಮುಂದೆ ಬರುವ ಹಲ್ಲುಗಳ ಕೆಲಸ ಶುರುವಾಗುವುದು ಎರಡು ವರ್ಷದ ಆಸುಪಾಸಿನಲ್ಲಿ. ಎನಾಮೆಲ್ ಕಟ್ಟುವ ಜೀವಕೋಶಗಳು ಆ ಕೆಲಸ ಮಾಡುವುದು ಒಮ್ಮೆ ಮಾತ್ರ. ಹಲ್ಲು ಹೊರಬರುವಷ್ಟರಲ್ಲಿ ಅವು ಇಲ್ಲವಾಗುತ್ತವೆ. ಆಗ ಉಳಿದ ಕೊರತೆಯನ್ನು ದೇಹ ಮತ್ತೆ ತುಂಬಲಾರದು.

ಕ್ಯಾನ್ಸರ್‌ಗೆ ಕೊಡುವ ಕೀಮೋ ಔಷಧಗಳು ವೇಗವಾಗಿ ಒಡೆದು ಹೆಚ್ಚುವ ಕೋಶಗಳನ್ನು ಕೊಲ್ಲುತ್ತವೆ. ಬೆಳೆಯುವ ಹಲ್ಲಿನ ಕೋಶವೂ ಅಂಥದ್ದೇ. ಏಟು ಬಿದ್ದಾಗ ಹಲ್ಲು ಯಾವ ಹಂತದಲ್ಲಿತ್ತು ಎಂಬುದರ ಮೇಲೆ ಹಾನಿಯ ಬಗೆ ನಿಂತಿದೆ. ಇನ್ನೂ ಮೊಳಕೆಯಲ್ಲಿದ್ದರೆ ಹಲ್ಲೇ ಹುಟ್ಟದಿರಬಹುದು, ಇಲ್ಲವೇ ತೀರಾ ಸಣ್ಣದಾಗಬಹುದು. ಮೇಲ್ಭಾಗ ಕಟ್ಟಿಕೊಳ್ಳುತ್ತಿದ್ದರೆ ಎನಾಮೆಲ್ ಮೇಲೆ ಗುಳಿ, ಮಚ್ಚೆ. ಮೇಲ್ಭಾಗ ಮುಗಿದು ಬೇರು ಇಳಿಯುತ್ತಿದ್ದರೆ, ಹೊರಗೆ ಚೆಂದ ಕಾಣುವ ಹಲ್ಲಿಗೆ ಒಳಗೆ ಮೊಂಡು ಬೇರು. ಐದು ವರ್ಷಕ್ಕೆ ಮೊದಲೇ ಚಿಕಿತ್ಸೆ ಪಡೆದವರಿಗೆ ಅಪಾಯ ಹೆಚ್ಚಿರುವುದು ಇದಕ್ಕೇ. ತಲೆ, ಕತ್ತಿನ ಭಾಗಕ್ಕೆ ರೇಡಿಯೇಷನ್ ಕೊಟ್ಟಿದ್ದರೆ ದವಡೆಯ ಮೂಳೆಯೇ ಕುಂಠಿತವಾಗಬಹುದು. ಜೊಲ್ಲುಗ್ರಂಥಿ ಬತ್ತಿ ಬಾಯಿ ಒಣಗುತ್ತದೆ, ಹುಳುಕು ಬೇಗ ಹತ್ತುತ್ತದೆ.

ತಾಯಂದಿರನ್ನು ಕಂಗೆಡಿಸುವ ಇನ್ನೊಂದು ಸಂಗತಿ ಹೇಳಬೇಕು. ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧ ನರಗಳನ್ನು ಕೆಣಕುವುದರಿಂದ, ಒಂದೂ ಹುಳುಕಿಲ್ಲದ ಮಗು ಹಲ್ಲುನೋವೆಂದು ಅಳುವುದುಂಟು. ಅದು ಹಟವಲ್ಲ, ನಿಜವಾದ ನೋವು. ಆದರೆ ಕೀಮೋ ನಡೆಯುವಾಗ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಲ್ಲು ಕೀಳಿಸಬಾರದು. ರಕ್ತದ ಬಿಳಿ ಕಣಗಳೂ ಪ್ಲೇಟ್‌ಲೆಟ್‌ಗಳೂ ಇಳಿದಿದ್ದರೆ ಸೋಂಕು, ರಕ್ತಸ್ರಾವ ಎರಡೂ ಜೀವಕ್ಕೆ ಮುಳುವಾಗಬಲ್ಲವು. ಸಾಧ್ಯವಿದ್ದರೆ ಚಿಕಿತ್ಸೆಗೆ ಮೊದಲೇ ಹಲ್ಲಿನ ವೈದ್ಯರಿಗೆ ತೋರಿಸಿ, ಹುಳುಕು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಗುಣವಾದ ಮೇಲೂ ಆರು ತಿಂಗಳಿಗೊಮ್ಮೆ ಹಲ್ಲಿನ ತಪಾಸಣೆ ಬೇಕು. ಯಾವ ಔಷಧ, ಯಾವ ವಯಸ್ಸಿನಲ್ಲಿ, ರೇಡಿಯೇಷನ್ ಎಲ್ಲಿಗೆ, ಎಷ್ಟು ಎಂಬ ವಿವರವಿರುವ ಆಸ್ಪತ್ರೆಯ ಕಾಗದಗಳನ್ನು ಹಲ್ಲಿನ ವೈದ್ಯರ ಮುಂದಿಡಿ. ಹಲ್ಲಿಗೆ ತಂತಿ ಹಾಕಿಸುವ ಮುನ್ನವಂತೂ ಇಡೀ ದವಡೆಯ ಎಕ್ಸ್‌ರೇ ಆಗಲೇಬೇಕು. ಮೊಂಡು ಬೇರಿನ ಹಲ್ಲನ್ನು ಬಿಗಿಯಾಗಿ ಎಳೆದರೆ ಬೇರು ಇನ್ನಷ್ಟು ಸವೆದು ಹಲ್ಲು ಅಲುಗಾಡತೊಡಗುತ್ತದೆ. ಅದು ಮೊದಲೇ ತಿಳಿದಿದ್ದರೆ ವೈದ್ಯರು ಎಳೆತ ಕಡಿಮೆ ಮಾಡುತ್ತಾರೆ, ಅಥವಾ ತಂತಿಯನ್ನೇ ಬೇಡವೆನ್ನುತ್ತಾರೆ.