ಲೇಸರ್ ಕಿರಣದಿಂದ ರೋಮನಿವಾರಣೆ: ಅದರ ತತ್ತ್ವ ಮತ್ತು ಪೂರ್ವಸಿದ್ಧತೆ

ಅರಸೀಕೆರೆ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಕ್ರಿ.ಶ. 1235ರ ಸುಮಾರಿನ ಹೊಯ್ಸಳ ದೇವಾಲಯವೊಂದಿದೆ. ಕೇಶವನಿಗೆ ಮೀಸಲಾದ ಈ ಗುಡಿಯ ಹೊರಗೋಡೆಯ ವಿಗ್ರಹಗಳಲ್ಲಿ ಆಭರಣಗಳನ್ನು ಅತಿ ಸೂಕ್ಷ್ಮವಾಗಿ ಕಡೆದ ಶಿಲ್ಪಿಗಳು ಮೈಯನ್ನು ಮಾತ್ರ ನುಣುಪಾಗಿ ಉಳಿಸಿದ್ದಾರೆ. ರೋಮವಿಲ್ಲದ ಮೈ ಚೆಲುವೆಂಬ ಭಾವನೆ ನಮ್ಮಲ್ಲಿ ಹೊಸದಲ್ಲ.

ಇದೇ ಹಾಸನ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಗಳು ಕೇಶಲೋಚವನ್ನು, ಎಂದರೆ ತಲೆ ಮತ್ತು ಗಡ್ಡಮೀಸೆಗಳ ಕೂದಲನ್ನು ಕೈಯಿಂದಲೇ ಕೀಳುವ ವ್ರತವನ್ನು, ಇಂದಿಗೂ ಆಚರಿಸುತ್ತಾರೆ. ಅದರ ಗುರಿ ಚೆಲುವಲ್ಲ, ದೇಹಮಮತೆಯ ತ್ಯಾಗ. ಆದರೂ ನಮ್ಮ ವಿಷಯಕ್ಕೆ ಅದರಿಂದ ಒಂದು ತಿಳಿವು ದೊರೆಯುತ್ತದೆ. ಕೆಲವು ತಿಂಗಳಿಗೊಮ್ಮೆ ಆ ವ್ರತವನ್ನು ಮತ್ತೆ ನಡೆಸಬೇಕಾಗುತ್ತದೆ. ಏಕೆಂದರೆ ಕೂದಲು ಕಿತ್ತುಬಂದರೂ ಅದನ್ನು ಬೆಳೆಸುವ ಜೀವಕೋಶಗಳು ಚರ್ಮದೊಳಗಿನ ರೋಮಕೂಪದಲ್ಲಿ ಉಳಿದಿರುತ್ತವೆ.

ಈ ಜೀವಕೋಶಗಳನ್ನೇ ನಾಶಪಡಿಸುವ ಯತ್ನಕ್ಕೆ ದೀರ್ಘ ಚರಿತ್ರೆಯಿದೆ. 1875ರಲ್ಲಿ ಅಮೆರಿಕದ ನೇತ್ರವೈದ್ಯ ಚಾರ್ಲ್ಸ್ ಮೈಕೆಲ್ ಒಳಮುಖವಾಗಿ ಬೆಳೆದ ರೆಪ್ಪೆಗೂದಲುಗಳನ್ನು ವಿದ್ಯುತ್ ಸೂಜಿಯಿಂದ ನಿವಾರಿಸಿದ ವರದಿಯನ್ನು ಪ್ರಕಟಿಸಿದನು. 1896ರಲ್ಲಿ ವಿಯೆನ್ನಾದ ಲಿಯೊಪೋಲ್ಡ್ ಫ್ರಾಯಿಂಡ್ ಎಕ್ಸ್‌ ಕಿರಣವನ್ನು ಈ ಕಾರ್ಯಕ್ಕೆ ಬಳಸಿದನು. 1920ರ ದಶಕದಲ್ಲಿ ಅಮೆರಿಕದ ಸೌಂದರ್ಯಗೃಹಗಳಲ್ಲಿ ಎಕ್ಸ್‌ ಕಿರಣ ಚಿಕಿತ್ಸೆ ಹಬ್ಬಿತು. ಕೂದಲು ಉದುರಿತು, ನೋವಿರಲಿಲ್ಲ. ಆದರೆ ವರ್ಷಗಳು ಕಳೆದ ಮೇಲೆ ಎಷ್ಟೋ ಸ್ತ್ರೀಯರ ಮುಖದಲ್ಲಿ ಹುಣ್ಣುಗಳೂ ಕ್ಯಾನ್ಸರೂ ಕಾಣಿಸಿಕೊಂಡವು.

ಲೇಸರ್ ಅಂತಹ ಕಿರಣವಲ್ಲ; ಅದು ಒಂದೇ ತರಂಗಾಂತರದ ಬೆಳಕು. 1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಮಾಣಿಕ್ಯದ ಹರಳಿನಿಂದ ಸಾಧಿಸಿದನು. 1983ರಲ್ಲಿ ಆಂಡರ್‌ಸನ್ ಮತ್ತು ಪ್ಯಾರಿಷ್ ಎಂಬ ವಿಜ್ಞಾನಿಗಳು, ತಕ್ಕ ತರಂಗಾಂತರವನ್ನೂ ಅವಧಿಯನ್ನೂ ಆರಿಸಿದರೆ ಸುತ್ತಲ ಅಂಗಾಂಶವನ್ನು ಉಳಿಸಿ ಬಣ್ಣವುಳ್ಳ ಭಾಗವನ್ನಷ್ಟೇ ಕಾಯಿಸಿ ನಾಶಪಡಿಸಬಹುದೆಂಬ ತತ್ತ್ವವನ್ನು ಮಂಡಿಸಿದರು. ಕೂದಲಿನ ಮೆಲನಿನ್ ಎಂಬ ವರ್ಣದ್ರವ್ಯವು ಬೆಳಕನ್ನು ಹೀರಿ ಬಿಸಿಯಾಗುತ್ತದೆ. ಆ ಬಿಸಿ ರೋಮಕೂಪದ ಜೀವಕೋಶಗಳನ್ನು ಸುಡುತ್ತದೆ.

ಆದರೆ ಚರ್ಮದಲ್ಲಿಯೂ ಮೆಲನಿನ್ ಇದೆ. ಇದು ಕೂದಲಿನದು, ಇದು ಚರ್ಮದ್ದು ಎಂಬ ಭೇದ ಬೆಳಕಿಗೆ ತಿಳಿಯದು. ಆದುದರಿಂದ ಕಪ್ಪು ಮೈಬಣ್ಣದವರಿಗೆ ಸುಟ್ಟಗಾಯ ಮತ್ತು ಕಲೆಗಳ ಅಪಾಯ ಹೆಚ್ಚು. ಅವರಿಗೆ ಚರ್ಮದ ಮೇಲ್ಪದರದಲ್ಲಿ ಕಡಿಮೆ ಹೀರಲ್ಪಟ್ಟು ಆಳಕ್ಕೆ ಇಳಿಯುವ 1064 ನ್ಯಾನೋಮೀಟರಿನ ಕಿರಣವು ಹೆಚ್ಚು ಸುರಕ್ಷಿತ. ಬಿಳಿಗೂದಲಿನಲ್ಲಿ ಮೆಲನಿನ್ ಇಲ್ಲದ ಕಾರಣ ಅದಕ್ಕೆ ಲೇಸರ್ ನಿಷ್ಫಲ.

ಪೂರ್ವಸಿದ್ಧತೆಯ ನಿಯಮಗಳೆಲ್ಲವೂ ಈ ತತ್ತ್ವದಿಂದಲೇ ಹೊರಡುತ್ತವೆ. ಚಿಕಿತ್ಸೆಗೆ ಮುಂಚೆ ನಾಲ್ಕರಿಂದ ಆರು ವಾರ ಕೂದಲನ್ನು ಕೀಳಬಾರದು, ದಾರದಿಂದಾಗಲಿ ಮೇಣದಿಂದಾಗಲಿ ತೆಗೆಸಬಾರದು. ಬೇರೇ ಇಲ್ಲದಿದ್ದರೆ ಬೆಳಕಿಗೆ ಗುರಿಯಿರದು. ಕ್ಷೌರ ಮಾಡಬಹುದು. ಬಿಸಿಲಿನಿಂದ ಚರ್ಮ ಕಪ್ಪಾಗಿದ್ದರೆ ಚಿಕಿತ್ಸೆಯನ್ನು ಮುಂದೂಡುವುದು ಲೇಸು. ಸೇವಿಸುತ್ತಿರುವ ಔಷಧಗಳು, ಗರ್ಭಧಾರಣೆ, ಹಿಂದೆ ಗಾಯಗಳು ಗಂಟುಕಟ್ಟಿದ್ದುದು ಇವನ್ನೆಲ್ಲ ಚರ್ಮವೈದ್ಯರಿಗೆ ತಿಳಿಸಬೇಕು. ಮೊದಲು ಚರ್ಮದ ಸಣ್ಣ ಭಾಗದಲ್ಲಿ ಪರೀಕ್ಷಿಸಿ ನೋಡುವಂತೆ ಕೇಳಬೇಕು. ಚಿಕಿತ್ಸೆಯ ವೇಳೆ ಕಣ್ಣಿಗೆ ರಕ್ಷಕ ಕನ್ನಡಕ ಅಗತ್ಯ. ಸ್ತ್ರೀಯರಿಗೆ ಗದ್ದ ಮತ್ತು ಮೇಲ್ದುಟಿಗಳ ಮೇಲೆ ದಪ್ಪ ಕೂದಲು ಹೊಸದಾಗಿ ಬೆಳೆದರೆ ಅದು ಹಾರ್ಮೋನುಗಳ ದೋಷದ ಲಕ್ಷಣವಾಗಿರಬಹುದು; ಮೊದಲು ಅದರ ಕಾರಣವನ್ನು ಶೋಧಿಸತಕ್ಕದ್ದು.

ಎಲ್ಲ ಕೂದಲೂ ಒಂದೇ ಕಾಲದಲ್ಲಿ ಬೆಳೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ಆದಕಾರಣ ವಾರಗಳ ಅಂತರದಲ್ಲಿ ಹಲವು ಬಾರಿ ಚಿಕಿತ್ಸೆ ಬೇಕಾಗುತ್ತದೆ. ಇದರಿಂದ ಕೂದಲು ಬಹುಕಾಲ ಕಡಿಮೆಯಾಗುವುದೇ ಹೊರತು ಸಂಪೂರ್ಣವಾಗಿ ನಿರ್ಮೂಲವಾಗುತ್ತದೆಂದು ನಂಬಬಾರದು. ಎಕ್ಸ್‌ ಕಿರಣವನ್ನು ನಂಬಿದ ಸ್ತ್ರೀಯರಿಗೆ ಅದರ ಗುಣವನ್ನು ಹೇಳುವವರು ಹೆಚ್ಚಾಗಿದ್ದರು, ದೋಷವನ್ನು ಹೇಳುವವರು ಕಡಿಮೆಯಿದ್ದರು. ಇಂದು ಎರಡನ್ನೂ ಕೇಳಿ ತಿಳಿಯುವ ಅವಕಾಶ ನಮಗಿದೆ. ಯಂತ್ರವನ್ನು ಹಿಡಿದವರ ಅರ್ಹತೆಯನ್ನು ವಿಚಾರಿಸಿದ ಬಳಿಕವೇ ಚಿಕಿತ್ಸೆಗೆ ಒಪ್ಪುವುದು ಉಚಿತ.